ಬಾಯಿ ಜೋರಿನವಳ ರಕ್ತ

ನಮ್ಮೂರ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಇಪ್ಪತ್ತೊಂದು ವರ್ಷದಿಂದ ಕೆಲಸ ಮಾಡುತ್ತಿರುವ ದಾಕ್ಷಾಯಿಣಿ ಅಂದರೆ ನಾನೇ. ನನ್ನ ಬಾಯಿ ಜೋರು ಅಂತ ಯಾರಾದರೂ ನಿಮಗೆ ಹೇಳಿದ್ದರೆ ಅವರು ಸುಳ್ಳು ಹೇಳಿಲ್ಲ. ಅದು ಜೋರಾಗಿರದಿದ್ದರೆ ಹೋದ ವರ್ಷ ಒಬ್ಬ ಹೆಣ್ಣುಮಗಳು ನಮ್ಮ ಕಣ್ಣೆದುರಿಗೇ ಹೋಗಿಬಿಡುತ್ತಿದ್ದಳು. ಅದನ್ನು ಹೇಳೋಣ ಅಂತಲೇ ಕೂತಿದ್ದೇನೆ.

ನಮ್ಮೂರಲ್ಲಿ ಯಾರ ರಕ್ತ ಏರಿಸಿಕೊಂಡರೂ ಅವರದೊಂದು ಚಾಳಿ ಹದಿನೈದು ದಿನ ಮೈಗೆ ಹತ್ತುತ್ತದೆ. ಹದಿನಾರನೆಯ ದಿನ ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟರಲ್ಲಿ ಇಳಿದಿರುತ್ತದೆ. ದರ್ಜಿಯ ರಕ್ತ ಏರಿಸಿಕೊಂಡ ಪೈಲ್ವಾನನೊಬ್ಬ ಎರಡು ವಾರ ಅಂಗಿಯ ಕಾಲರಿಗೆ ಸೂಜಿ ಚುಚ್ಚಿಕೊಂಡೇ ಓಡಾಡಿದ. ಬಸ್ ಕಂಡಕ್ಟರನ ರಕ್ತ ಏರಿಸಿಕೊಂಡ ಅರ್ಚಕರು ಮಂಗಳಾರತಿ ಮುಗಿದ ಕೂಡಲೇ ‘ರೈಟ್, ರೈಟ್’ ಅನ್ನುತ್ತಿದ್ದರು, ಸಾಲಿನಲ್ಲಿ ನಿಂತವರು ಮುಂದೆ ಸರಿಯುತ್ತಿದ್ದರು. ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಯಾರದಪ್ಪಾ ಏರಿಸಿದ್ದು?’ ಅಂತ ಕೇಳಿ ನಕ್ಕು ಮುಂದೆ ಹೋಗುತ್ತಾರೆ.

ತಲೆ ಕೆಡಿಸಿಕೊಳ್ಳುವುದು ಮುಂಚೆಯೇ. ನಮ್ಮ ಫ್ರಿಜ್ಜಿನಲ್ಲಿರುವ ಪ್ರತಿ ಚೀಲದ ಮೇಲೂ ಕೊಟ್ಟವರ ಹೆಸರು, ಗುಂಪು, ಚಾಳಿ ಮೂರೂ ಬರೆದಿರಬೇಕು. ರೋಗಿಯ ಮನೆಯವರು ಮೊದಲು ಚಾಳಿ ಓದುತ್ತಾರೆ, ಆಮೇಲೆ ಗುಂಪು. ಒಪ್ಪಿಗೆಯಾದರೆ ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ. ವಾಸಪ್ಪ ಮೇಷ್ಟ್ರ ರಕ್ತಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಒ ಗುಂಪು, ಮೆತ್ತಗಿನ ಮಾತು, ಊಟವಾದ ಮೇಲೆ ತಟ್ಟೆ ತಾವೇ ತೊಳೆದಿಡುವ ಅಭ್ಯಾಸ. ಗಂಡಿನವರು ನೋಡಲು ಬರುವ ವಾರದಲ್ಲಿ ‘ಮಗಳಿಗೆ ಯಾಕೋ ಸುಸ್ತು, ಒಂದ್ ಬಾಟ್ಲಿ ಮೇಷ್ಟ್ರುದು ಹಾಕ್ಬಿಡಿ’ ಅಂತ ಬಂದ ತಾಯಂದಿರನ್ನು ನಾನೇ ಬೈದು ಅಟ್ಟಿದ್ದೇನೆ.

ಇಷ್ಟು ವರ್ಷ ಈ ಚಾಳಿಯನ್ನೇ ನೋಡಿಕೊಂಡು ಕೂತ ನಮ್ಮೂರು ಒಂದು ದೊಡ್ಡ ತಪ್ಪು ಕಲಿತುಬಿಟ್ಟಿತ್ತು. ಚಾಳಿ ಹತ್ತಿದರೆ ರಕ್ತ ಹಿಡಿಯಿತು ಅಂತ ಲೆಕ್ಕ. ಕೊಟ್ಟವರ ರಕ್ತವನ್ನೂ ಪಡೆಯುವವರ ರಕ್ತವನ್ನೂ ಗಾಜಿನ ಕೊಳವೆಯಲ್ಲಿ ಮೊದಲು ಕೂಡಿಸಿ ನೋಡುವ ಕ್ರಾಸ್ ಮ್ಯಾಚ್ ಅಂತ ಒಂದು ಪರೀಕ್ಷೆ ಇದೆ. ಗಂಟು ಕಟ್ಟಿದರೆ ಒಗ್ಗುವುದಿಲ್ಲ ಅಂತ ಅರ್ಥ. ಮುಕ್ಕಾಲು ಗಂಟೆಯ ಕೆಲಸ. ‘ಅದೆಲ್ಲ ಯಾಕೆ, ಕಾರ್ಡಲ್ಲಿ ಗುಂಪು ಬರೆದಿದೆಯಲ್ಲ’ ಅಂತ ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದನ್ನು ಕೈಬಿಟ್ಟಿದ್ದರು. ನಾನೂ ಮೊದಮೊದಲು ಕೇಳಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಾನು ಸೇರಿ ಮೂರು ವರ್ಷವಾಗಿತ್ತು. ನನ್ನ ಅಕ್ಕ ಪಂಕಜಳಿಗೆ ಗರ್ಭಕೋಶದ ಆಪರೇಷನ್ ಆಯಿತು. ಕಾರ್ಡಿನಲ್ಲಿ ಒ ಗುಂಪು. ಗಾಣದ ಈರಪ್ಪನ ಒ ರಕ್ತ ಸಿಕ್ಕಿತು. ಈರಪ್ಪ ಬಿರುಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡು ನಡುಗುವ ಮನುಷ್ಯ, ಅದು ಬಿಟ್ಟರೆ ಗಟ್ಟಿಮುಟ್ಟು. ಚೀಲ ಹಾಕಿ ಹತ್ತು ನಿಮಿಷಕ್ಕೆ ಅಕ್ಕ ಗಡಗಡ ನಡುಗಿದಳು. ಸುತ್ತ ನಿಂತವರಿಗೆಲ್ಲ ಸಮಾಧಾನವಾಯಿತು. ‘ದಾಕ್ಷೀ, ತಡೆಯೋಕಾಗ್ತಿಲ್ಲ ಕಣೇ, ಸೊಂಟ ಮುರಿದುಹೋಗ್ತಿದೆ’ ಅಂದಳು. ನಾನು ನಕ್ಕು ಅವಳ ಮೇಲೆ ಇನ್ನೊಂದು ಕಂಬಳಿ ಹೊದಿಸಿದೆ. ‘ಈರಪ್ಪನ ನಡುಕ ಅಕ್ಕ ಅದು. ಹದಿನೈದ್ ದಿನ ತಡ್ಕೋ’ ಅಂದೆ. ಚೀಲ ಪೂರ್ತಿ ಇಳಿಯಿತು. ಸಂಜೆಗೆ ಮೂತ್ರ ಕಪ್ಪಗೆ ಬಂತು, ಮಾರನೆಯ ದಿನ ಮಧ್ಯಾಹ್ನಕ್ಕೆ ಅಕ್ಕ ಇರಲಿಲ್ಲ. ರಿಜಿಸ್ಟರಿನಲ್ಲಿ ‘ಚಾಳಿ ಒಗ್ಗಲಿಲ್ಲ’ ಅಂತ ಬರೆದರು.

ಆಮೇಲೆ ನಾನು ರಜೆ ಹಾಕಿ ಹೊರಗಿನ ಊರೊಂದಕ್ಕೆ ಹೋಗಿ ಆರು ತಿಂಗಳು ಈ ವಿದ್ಯೆಯನ್ನು ಸರಿಯಾಗಿ ಕಲಿತು ಬಂದೆ. ಅಲ್ಲಿ ಅಭ್ಯಾಸಕ್ಕೆಂದು ನನ್ನದೇ ರಕ್ತ ತೆಗೆದು ಒ ರಕ್ತದ ಜೊತೆ ಕೂಡಿಸಿದೆ. ಒಡೆದ ಹಾಲಿನ ಹಾಗೆ ಗಂಟು ಗಂಟಾಯಿತು. ಕಲಿಸುತ್ತಿದ್ದ ಮೇಡಂ ಕೊಳವೆಯನ್ನು ಬೆಳಕಿಗೆ ಹಿಡಿದು ನನ್ನ ಮುಖ ನೋಡಿದರು. ಒ ಗುಂಪಿನವರಲ್ಲಿ ಎ ಇಲ್ಲ, ಬಿ ಇಲ್ಲ, ಆದರೆ ಅವೆರಡಕ್ಕೂ ಬುನಾದಿಯಾದ ಎಚ್ ಅಂತ ಒಂದಿರುತ್ತದಂತೆ. ಸಾವಿರಾರು ಜನರಲ್ಲಿ ಒಬ್ಬರಿಗೆ ಆ ಬುನಾದಿಯೂ ಇರುವುದಿಲ್ಲ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಇಲ್ಲದಿದ್ದರೆ ಇನ್ನೊಬ್ಬರಿಗೂ ಇಲ್ಲದಿರಬಹುದಂತೆ. ಮಾಮೂಲಿ ಪರೀಕ್ಷೆಯಲ್ಲಿ ಅವರು ಒ ಅಂತಲೇ ಕಾಣುತ್ತಾರೆ. ಒ ರಕ್ತ ಏರಿಸಿದರೆ ಮೈ ಅದನ್ನು ಹಿಡಿದು ಒಡೆದುಹಾಕುತ್ತದೆ. ಮೊದಲು ಚಳಿ, ಆಮೇಲೆ ಸೊಂಟನೋವು, ಆಮೇಲೆ ಕಪ್ಪು ಮೂತ್ರ. ಅವರು ಒಂದೊಂದೇ ಹೇಳುತ್ತ ಹೋದರು, ನನಗೆ ಅಕ್ಕನ ಮೇಲೆ ನಾನೇ ಹೊದಿಸಿದ ಕಂಬಳಿ ಕಣ್ಣಿಗೆ ಕಟ್ಟಿತು. ಪಾಠದ ಮಧ್ಯದಲ್ಲೇ ಎದ್ದು ಹೊರಗೆ ಹೋಗಿ ಗೋಡೆಗೆ ತಲೆ ಕೊಟ್ಟು ಅತ್ತೆ.

ಊರಿಗೆ ವಾಪಸ್ಸು ಬಂದವಳು ಹೊಸ ಕೊಳವೆಗಳನ್ನು ತರಿಸಿದೆ. ಕೂಡಿಸಿ ನೋಡದೆ ಒಂದು ಚೀಲವನ್ನೂ ಹೊರಗೆ ಬಿಡುವುದಿಲ್ಲ ಅಂದೆ. ಡಾಕ್ಟರುಗಳು ಗೊಣಗಿದರು, ಜನ ನನ್ನನ್ನು ‘ಮುಕ್ಕಾಲು ಗಂಟೆ’ ಅಂತ ಕರೆದರು. ಕರೆದುಕೊಳ್ಳಲಿ. ನಾಲ್ಕು ತಿಂಗಳಿಗೊಮ್ಮೆ ನನ್ನದೊಂದು ಚೀಲ ತೆಗೆದಿಡತೊಡಗಿದೆ. ನನ್ನ ರಕ್ತದಲ್ಲಿ ಯಾರ ಮೈಯೂ ಜಗಳ ತೆಗೆಯುವಂಥ ಎ, ಬಿ, ಎಚ್ ಯಾವುದೂ ಇಲ್ಲದ್ದರಿಂದ ಬೇರೆ ಗುಂಪಿನವರಿಗೂ ನಡೆಯುತ್ತದೆ. ನನಗೆ ಮಾತ್ರ ನನ್ನಂಥವರದೇ ಆಗಬೇಕು.

ಒಮ್ಮೆ ಅದನ್ನು ಪುರಸಭೆಯ ಗುಮಾಸ್ತ ಅಂಕಪ್ಪನಿಗೆ ಹಾಕಿದೆವು. ಕಡತಗಳ ಬೀರು ಅವನ ಮೇಲೆ ಬಿದ್ದಿತ್ತು, ಬೇರೆ ಚೀಲ ಇರಲಿಲ್ಲ. ಜೀವಮಾನದಲ್ಲಿ ‘ಆಯ್ತು ಸಾರ್’ ಬಿಟ್ಟು ಬೇರೆ ಮಾತಾಡದ ಅಂಕಪ್ಪ ನಾಲ್ಕನೆಯ ದಿನ ಮೀಟಿಂಗಿನಲ್ಲಿ ಎದ್ದು ನಿಂತು, ‘ಊರಿಗೆ ನೀರು ಕೊಡೋ ಟ್ಯಾಂಕ್ ತೊಳೆದು ಆರು ವರ್ಷ ಆಯ್ತು ಸ್ವಾಮಿ, ನಿಮ್ಮನೆಗೆ ಮಾತ್ರ ಬಾವಿ ನೀರು ಹೋಗುತ್ತೆ, ನಾಚಿಕೆ ಆಗಲ್ವಾ?’ ಅಂತ ಅಧ್ಯಕ್ಷರನ್ನೇ ಕೇಳಿದ. ಟ್ಯಾಂಕು ಅದೇ ವಾರ ತೊಳೆಸಿದರು. ಹದಿನಾರನೆಯ ದಿನ ಅಂಕಪ್ಪ ಮತ್ತೆ ‘ಆಯ್ತು ಸಾರ್’ ಆದ. ಆಸ್ಪತ್ರೆ ಸಮಿತಿಯವರು ಮಾತ್ರ ಠರಾವು ಮಾಡಿದರು: ದಾಕ್ಷಾಯಿಣಿಯ ರಕ್ತವನ್ನು ಇನ್ನು ಮುಂದೆ ಸಂಗ್ರಹಿಸಕೂಡದು. ನಾನು ಆ ಕಾಗದವನ್ನು ಮಡಿಸಿ ಫ್ರಿಜ್ಜಿನ ಅಲುಗಾಡುವ ಕಾಲಿನ ಕೆಳಗಿಟ್ಟೆ. ಎಲ್ಲ ಪರೀಕ್ಷೆಯನ್ನೂ ಮಾಡಿ, ತಾರೀಖು ಹಾಕಿ, ಚಾಳಿ ಅನ್ನುವ ಕಡೆ ‘ಬಾಯಿ ಜೋರು’ ಅಂತ ನನ್ನ ಕೈಯಾರೆ ಬರೆದು, ಕೆಳಗಿನ ಅರೆಯಲ್ಲಿ ಇಡುವುದನ್ನು ಬಿಡಲಿಲ್ಲ. ಅವಧಿ ಮುಗಿದ ಮೇಲೆ ಎಷ್ಟು ಚೀಲ ಎಸೆದಿದ್ದೇನೋ ಲೆಕ್ಕವಿಲ್ಲ.

ಹೋದ ವರ್ಷ ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆಗೆ, ಹೆರಿಗೆ ವಾರ್ಡಿನಿಂದ ಡಾಕ್ಟರ್ ಶಶಿಶೇಖರ್ ಅವರ ಚೀಟಿ ಬಂತು. ವನಮಾಲ, ವಯಸ್ಸು ಇಪ್ಪತ್ತೇಳು, ಮೊದಲ ಹೆರಿಗೆ, ಮಗು ಕ್ಷೇಮ, ತಾಯಿಗೆ ರಕ್ತಸ್ರಾವ ಜಾಸ್ತಿ, ಒ ಗುಂಪು, ಎರಡು ಚೀಲ ತುರ್ತಾಗಿ. ಚೀಟಿಯ ಹಿಂದೆಯೇ ವನಮಾಲಳ ಅತ್ತೆ ನೀಲಮ್ಮನವರು ಬಂದರು. ಹತ್ತಿ ಗಿರಣಿಯವರ ಮನೆತನ. ಮಾತಾಡುವಾಗ ತುಟಿ ಅಲ್ಲಾಡುವುದೇ ಕಾಣದಷ್ಟು ಗತ್ತು.

“ಮೇಷ್ಟ್ರುದೇ ಇದೆ ಅಲ್ವೇನಮ್ಮ?”

“ಇದೆ. ಕೂಡಿಸಿ ನೋಡಿ ಕೊಡ್ತೀನಿ.”

“ಸೊಸೆ ಅಲ್ಲಿ ಬಿಳಚಿಕೊಂಡು ಮಲಗಿದಾಳೆ. ನೀನು ಇಲ್ಲಿ ಕೂಡಿಸ್ತಾ ಕೂರ್ತೀಯಾ?”

“ಬಿಳಚಿಕೊಂಡವಳನ್ನ ಕಪ್ಪು ಮಾಡಿ ಕಳಿಸೋಕಾಗಲ್ಲಮ್ಮ,” ಅಂದು ಬಾಗಿಲು ಮುಂದೆ ಮಾಡಿದೆ.

ವನಮಾಲಳ ರಕ್ತದ ತಿಳಿಯನ್ನು ಮೇಷ್ಟ್ರ ರಕ್ತಕ್ಕೆ ಬಿಟ್ಟೆ. ಕಾಯುವುದೇ ಬೇಕಾಗಲಿಲ್ಲ. ಕೊಳವೆಯ ತಳದಲ್ಲಿ ಗಂಟು. ಇನ್ನೊಂದು ಒ ಚೀಲ ತೆಗೆದು ನೋಡಿದೆ, ಗಂಟು. ಇದ್ದ ಆರು ಒ ಚೀಲಗಳಲ್ಲೂ ಗಂಟು. ಎಚ್ ಇದೆಯೋ ಇಲ್ಲವೋ ನೋಡುವ ಸೀಸೆಯಿಂದ ಒಂದು ತೊಟ್ಟು ಅವಳ ರಕ್ತಕ್ಕೆ ಹಾಕಿದೆ. ಏನೂ ಆಗಲಿಲ್ಲ, ನೀರಿನ ಹಾಗೆ ಸುಮ್ಮನೆ ಇತ್ತು. ಹದಿನಾರು ವರ್ಷದಲ್ಲಿ ನನ್ನದನ್ನು ಬಿಟ್ಟರೆ ಈ ಕೋಣೆಯಲ್ಲಿ ನಾನು ಕಂಡ ಇಂಥ ರಕ್ತ ಇದೊಂದೇ. ನೀಲಮ್ಮನವರ ಮನೆಯಲ್ಲಿ ಸೋದರತ್ತೆ ಸೋದರಮಾವನ ಸಂಬಂಧದಲ್ಲೇ ಕೊಟ್ಟು ತರುವ ರೂಢಿ, ಅಂಥ ಕಡೆ ಇದು ಕಾಣಿಸುವುದು ಹೆಚ್ಚು. ಕೆಳಗಿನ ಅರೆ ಎಳೆದೆ. ಹನ್ನೊಂದು ದಿನದ ಹಿಂದೆ ತೆಗೆದಿಟ್ಟ ನನ್ನ ಚೀಲ ಅಲ್ಲಿತ್ತು. ಅದನ್ನೂ ಕೂಡಿಸಿ ನೋಡಿದೆ. ಗಂಟಿಲ್ಲ.

ಕೊಳವೆಗಳ ಸ್ಟ್ಯಾಂಡು ಎತ್ತಿಕೊಂಡು ಫ್ರಿಜ್ಜಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾರ್ಡಿಗೆ ಓಡಿದೆ. ಬಾಗಿಲಲ್ಲೇ ಶಶಿಶೇಖರ್ ಸಿಕ್ಕರು, ತೋಳಿನವರೆಗೂ ಒದ್ದೆ. “ಎಲ್ರೀ ಮೇಡಂ ಬಾಟ್ಲಿ?”

“ಒ ಕೊಡಲ್ಲ ಡಾಕ್ಟ್ರೇ. ನೋಡಿ.”

ಅವರು ಕೊಳವೆಗಳನ್ನು ಕಿಟಕಿಗೆ ಹಿಡಿದರು. ಒಂದೊಂದನ್ನೇ ನೋಡಿದರು. “ಕಾರ್ಡಲ್ಲಿ ಒ ಅಂತಿದೆಯಲ್ರೀ.”

“ಕಾರ್ಡಿಗೆ ಏರಿಸೋದಾದ್ರೆ ಒ ಏರಿಸಿ. ಇವಳಿಗೆ ಏರಿಸೋದಾದ್ರೆ ನನ್ನದೊಂದೇ ಆಗೋದು.”

ನೀಲಮ್ಮನವರು ಹಿಂದಿನಿಂದ ಕೇಳಿಸಿಕೊಂಡರು. ಅವರ ಪಕ್ಕದಲ್ಲಿ ವನಮಾಲಳ ಗಂಡ ಗುರುಮಲ್ಲಪ್ಪ ಎರಡೂ ಕೈ ಕಟ್ಟಿಕೊಂಡು ನಿಂತಿದ್ದ.

“ನಿನ್ನದಾ?” ಅಂದರು ನೀಲಮ್ಮ. “ನಮ್ಮನೇಲಿ ಹೆಂಗಸರ ದನಿ ನಡುಮನೆ ದಾಟಿಲ್ಲ ಕಣಮ್ಮ. ನಾಮಕರಣಕ್ಕೆ ನೂರು ಜನ ಬರ್ತಾರೆ. ಅವರ ಎದುರಿಗೆ ನನ್ನ ಸೊಸೆ ನಿನ್ನ ಹಾಗೆ ಬಾಯಿ ಮಾಡ್ತಾ ಕೂರ್ಬೇಕಾ? ಮೇಷ್ಟ್ರುದೇ ಸ್ವಲ್ಪ ಹಾಕಿ ನೋಡಿ.”

“ಹಾಕಿ ನೋಡೋಕೆ ಇದೇನು ಸಾರಿಗೆ ಉಪ್ಪಾ?” ನನ್ನ ದನಿ ಕಾರಿಡಾರಿನ ಆ ತುದಿಗೆ ಕೇಳಿಸಿರಬೇಕು, ಯಾರೋ ಇಣುಕಿದರು. “ನಮ್ಮಕ್ಕಂಗೂ ಹಾಕಿ ನೋಡಿದ್ರು. ಅವಳು ನಡುಗಿದಾಗ ಚಾಳಿ ಹತ್ತಿತು ಅಂತ ಪಕ್ಕದಲ್ಲಿ ನಿಂತು ನಕ್ಕಿದ್ದು ನಾನೇ. ಚಾಳಿ ಅಲ್ಲ ಅದು, ಸಾವು. ಇನ್ನೊಂದು ಸಲ ನಾನು ನಗಲ್ಲ. ಕೀಲಿ ಇಲ್ಲಿದೆ. ನನ್ನ ಕೆಡವಿ ತಗೊಂಡು ಹೋಗಿ ಬೇಕಾದ್ರೆ.”

ಗುರುಮಲ್ಲಪ್ಪ ಅಮ್ಮನ ಮುಖ ನೋಡಿದ, ಡಾಕ್ಟರ ಮುಖ ನೋಡಿದ, ಕೊನೆಗೆ ನೆಲ ನೋಡಿದ. ಡಾಕ್ಟರು ಗಡಿಯಾರ ನೋಡಿಕೊಂಡು, “ಮನೆಯವರ ಸಹಿ ಇಲ್ಲದೆ ಹಾಕಿದ್ರೆ ಸಮಿತಿಯವರು ನಮ್ಮಿಬ್ಬರನ್ನೂ ಮನೆಗೆ ಕಳಿಸ್ತಾರೆ ಮೇಡಂ,” ಅಂದರು. ಒಳ್ಳೆಯ ಮನುಷ್ಯ, ಆದರೆ ಹೆದರಿಕೆ ಯಾರನ್ನು ಬಿಟ್ಟಿದೆ?

“ಮನೆಯವರದು ಯಾಕೆ? ರಕ್ತ ಹೋಗೋದು ಯಾರ ಮೈಗೆ?” ಅಂದು ನಾನು ಪರದೆ ಸರಿಸಿ ಒಳಗೆ ಹೋದೆ.

ವನಮಾಲಳ ತುಟಿಗೂ ಹಾಸಿಗೆಯ ಬಟ್ಟೆಗೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ಕಣ್ಣು ತೆರೆದೇ ಇತ್ತು. ಪಕ್ಕದ ತೊಟ್ಟಿಲಲ್ಲಿ ಮಗು ಸಣ್ಣಗೆ ಮುಲುಗುತ್ತಿತ್ತು. ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ.

“ನೋಡಮ್ಮ ತಾಯಿ, ಬೇರೆಯವರ ರಕ್ತ ನಿನಗೆ ಒಗ್ಗಲ್ಲ. ನನ್ನದು ಒಗ್ಗುತ್ತೆ. ಆದರೆ ನನ್ನ ಬಾಯಿ ಎಂಥದು ಅಂತ ಊರಿಗೇ ಗೊತ್ತು. ಹದಿನೈದು ದಿನ ಅದು ನಿನಗೆ ಬರುತ್ತೆ. ನಿಮ್ಮನೆಯವರಿಗೆ ಇಷ್ಟ ಇಲ್ಲ. ನೀನೇನಂತೀಯ?”

ಪರದೆಯ ಆಚೆಯಿಂದ ನೀಲಮ್ಮ, “ಅವಳನ್ನ ಏನು ಕೇಳ್ತೀಯ, ಅವಳಿಗೇನು ಗೊತ್ತಾಗುತ್ತೆ,” ಅಂದರು. ಆಗ ವನಮಾಲಳ ಬೆರಳು ಹಾಸಿಗೆಯ ಮೇಲೆ ತಡಕಾಡಿತು.

“ಪೆನ್ನು ಕೊಡಿ,” ಅಂದಳು.

ಇನ್ನೂ ನನ್ನ ರಕ್ತದ ಒಂದು ಹನಿಯೂ ಅವಳ ಮೈಗೆ ಹೋಗಿರಲಿಲ್ಲ, ಗಮನಿಸಿ. ಅವಳ ಸಹಿ ಕಾಗದದ ಗೆರೆ ಬಿಟ್ಟು ಮೂಲೆಗೆ ಹೋಗಿತ್ತು. ಡಾಕ್ಟರು ಅದನ್ನು ನೋಡಿ ಕೆಳಗೆ ತಮ್ಮ ಸಹಿಯನ್ನೂ ಹಾಕಿ, “ತನ್ನಿ,” ಅಂದರು.

ಇದ್ದದ್ದು ಒಂದೇ ಚೀಲ. ಇನ್ನೊಂದು ಈಗಲೇ ನನ್ನಿಂದ ತೆಗೆಯಿರಿ ಅಂದದ್ದಕ್ಕೆ ಡಾಕ್ಟರು, ‘ನಿಮ್ಮನ್ನ ಮಲಗಿಸಿದ್ರೆ ನಿಮಗೆ ಯಾರ ರಕ್ತ ತರ್ಲಿ?’ ಅಂತ ಗದರಿದರು. ಚೀಲ ಹಾಕಿದ ಮೇಲೆ ನಾನು ಅವಳ ಮಣಿಕಟ್ಟು ಹಿಡಿದು ಕೂತೆ. ಮೊದಲ ಹದಿನೈದು ನಿಮಿಷ ರಕ್ತ ಹಾಕಿದವರು ರೋಗಿಯ ಪಕ್ಕದಿಂದ ಅಲ್ಲಾಡಬಾರದು, ತೊಂದರೆ ಇದ್ದರೆ ಆಗಲೇ ಗೊತ್ತಾಗುವುದು. ಏಳನೆಯ ನಿಮಿಷಕ್ಕೆ ಅವಳ ತೋಳು ನಡುಗಿತು. ನಳಿಗೆಯ ತಿರುಪು ಮುಚ್ಚಿ ಜ್ವರ ನೋಡಿದೆ, ಇಲ್ಲ. ಸೊಂಟ ನೋಯುತ್ತಾ ಅಂದೆ, ಇಲ್ಲ ಅಂತ ತಲೆಯಾಡಿಸಿದಳು. ಚೀಲದ ಮೇಲಿನ ಹೆಸರು ಮತ್ತೆ ಓದಿದೆ, ಅವಳ ಕೈಪಟ್ಟಿಯ ಹೆಸರು ಮತ್ತೆ ಓದಿದೆ. ಆಮೇಲೆ ತಲೆ ಎತ್ತಿ ನೋಡಿದರೆ ಬೆವರಿ ಒದ್ದೆಯಾದವಳ ಮೇಲೆ ಫ್ಯಾನು ಐದರಲ್ಲಿ ಗಿರ್ರನೆ ತಿರುಗುತ್ತಿದೆ! ಯಾರು ಹಾಕಿದ್ದರೋ ಪುಣ್ಯಾತ್ಮರು. ಆರಿಸಿ ಹೊದಿಸಿದೆ. ನಡುಕ ನಿಂತಿತು. ಡಾಕ್ಟರು ಬಂದು ಅವರೂ ನೋಡಿದ ಮೇಲೆ ತಿರುಪು ಬಿಟ್ಟೆ.

ರಕ್ತಸ್ರಾವ ಅಷ್ಟರಲ್ಲಿ ಹತೋಟಿಗೆ ಬಂದಿತ್ತು. ಚೀಲ ಮುಗಿಯುವ ಹೊತ್ತಿಗೆ, ಮಧ್ಯಾಹ್ನ ಒಂದೂವರೆ ಇರಬೇಕು, ವನಮಾಲಳ ತುಟಿಗೆ ಸ್ವಲ್ಪ ರಂಗು ಬಂತು. ಮಗು ಜೋರಾಗಿ ಅಳಲು ಶುರುಮಾಡಿತು. ಗುರುಮಲ್ಲಪ್ಪ ಇನ್ನೂ ಕೈ ಕಟ್ಟಿಕೊಂಡೇ ನಿಂತಿದ್ದ. ವನಮಾಲ ಕತ್ತು ತಿರುಗಿಸಿದಳು.

“ಅಲ್ಲಿ ಕಂಬದ ಥರ ಏನ್ ನಿಂತಿದ್ದೀರಿ? ಮಗು ಅಳ್ತಿರೋದು ಕೇಳಿಸ್ತಿಲ್ವಾ? ಎತ್ಕೊಳ್ರೀ ಅದನ್ನ!”

ಗುರುಮಲ್ಲಪ್ಪ ಓಡಿದ. ನೀಲಮ್ಮನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರ ಬಾಯಿಂದ ಏನು ಬರುತ್ತದೋ ಅಂತ ನಾನೂ ಸೊಂಟ ಕಟ್ಟಿಕೊಂಡೇ ಇದ್ದೆ. ಅವರು ಅಲ್ಲೇ ಕುಸಿದು ಕೂತು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅತ್ತರು. ಸೊಸೆ ಸತ್ತಳು ಅಂತಲೇ ಅವರು ಒಳಗೊಳಗೆ ತಿಳಿದಿದ್ದರು ಅಂತ ಆಗ ನನಗೆ ಗೊತ್ತಾಯಿತು. ಸಿಟ್ಟು ಇಳಿಯಲಿಲ್ಲ, ಆದರೂ ಒಂದು ಲೋಟ ನೀರು ತಂದುಕೊಟ್ಟೆ.

ಇನ್ನೊಂದು ಚೀಲಕ್ಕೆ ನಾನು ಕಲಿತಿದ್ದ ಊರಿಗೆ ಫೋನು ಮಾಡಿದೆ. ಅಂಥವರ ಪಟ್ಟಿ ಅವರ ಹತ್ತಿರ ಇದೆ. ಮಾರನೆಯ ದಿನ ಹನ್ನೊಂದರ ಬಸ್ಸಿಗೆ ಐಸ್ ಪೆಟ್ಟಿಗೆಯಲ್ಲಿ ಬಂತು, ಯಾರೋ ಹೆಸರು ಕೇಳದ ಮನುಷ್ಯನದು, ಚಾಳಿ ಏನು ಅಂತ ಬರೆದಿರಲಿಲ್ಲ. ಹೊರಗಿನವರಿಗೆ ಅದೆಲ್ಲ ಎಲ್ಲಿ ಗೊತ್ತು? ಕೂಡಿಸಿ ನೋಡಿಯೇ ಹಾಕಿದೆ. ಅವತ್ತು ಸಂಜೆಯಿಂದ ವನಮಾಲ ಗಂಜಿ ಕುಡಿಯುವಾಗೆಲ್ಲ ಎಡಗಾಲು ಕುಣಿಸತೊಡಗಿದಳು.

ವಾರದೊಳಗೆ ಸಮಿತಿಯವರ ನೋಟೀಸು ಬಂತು. ಠರಾವು ಮೀರಿ ರಕ್ತ ಸಂಗ್ರಹಿಸಿದ್ದು, ಮನೆಯವರ ಒಪ್ಪಿಗೆಯಿಲ್ಲದೆ ಕೊಟ್ಟದ್ದು, ಹಿರಿಯರೊಬ್ಬರ ಜೊತೆ ಏರುದನಿಯಲ್ಲಿ ಮಾತಾಡಿದ್ದು, ಇದಕ್ಕೆಲ್ಲ ಕ್ಷಮಾಪಣೆ ಬರೆದು ಕೊಡಬೇಕಂತೆ. ನಾನು ಅದೇ ಕಾಗದದ ಹಿಂಬದಿಯಲ್ಲಿ ಬರೆದೆ: ‘ಕೂಡಿಸಿ ನೋಡದ ಚೀಲ ಈ ಕೋಣೆಯ ಹೊಸಿಲು ದಾಟುವುದಿಲ್ಲ. ಮೈ ಯಾರದೋ ಸಹಿ ಅವರದು. ನನ್ನ ರಕ್ತವನ್ನು ನಾನು ಕೊಡುವುದು ಬಿಡುವುದಿಲ್ಲ. ಕ್ಷಮಾಪಣೆ ಇಲ್ಲ.’ ಶಶಿಶೇಖರ್ ಓದಿ, ಕೆಮ್ಮಿ, ಪೆನ್ನು ತೆಗೆದು, ‘ನನ್ನದೂ ಇದೇ ಅಭಿಪ್ರಾಯ’ ಅಂತ ಸೇರಿಸಿದರು. ಸಮಿತಿಯವರು ಇವತ್ತಿಗೂ ಅದಕ್ಕೆ ಜವಾಬು ಕೊಟ್ಟಿಲ್ಲ. ಕೊಟ್ಟಾಗ ನೋಡಿಕೊಳ್ಳೋಣ.

ನನ್ನ ರಕ್ತ ಏರಿಸಿ ಇಪ್ಪತ್ತನಾಲ್ಕು ದಿನವಾದ ಮೇಲೆ ನೀಲಮ್ಮನವರು ಒಬ್ಬರೇ ಬ್ಲಡ್ ಬ್ಯಾಂಕಿಗೆ ಬಂದರು. ಕೂರಿ ಅಂದೆ, ಕೂತರು. ಗತ್ತೇನೂ ಕಡಿಮೆಯಾಗಿರಲಿಲ್ಲ, ಆದರೆ ಮುಖ ಸೋತಿತ್ತು.

“ನಿನ್ನ ಚಾಳಿ ಇನ್ನೂ ಇಳಿದಿಲ್ಲ ಕಣಮ್ಮ. ಏನಾದರೂ ಔಷಧಿ ಇದ್ರೆ ಕೊಡು.”

“ಏನಂತಾಳೆ?”

“ಏನನ್ನಲ್ಲ ಕೇಳು. ನಾಮಕರಣದ ದಿನ ನಾನು ಮಗೂಗೆ ಹೆಸರು ಇಡೋಕೆ ಹೋದ್ರೆ ಎಲ್ಲರ ಮುಂದೆ, ‘ಹೆತ್ತವಳು ನಾನು, ಮೊದಲು ನನ್ನ ಕೇಳಿ’ ಅಂದ್ಲು. ಹೋಗಲಿ ಅಂತ ಸುಮ್ಮನಾದೆ, ನಿನ್ನ ಹದಿನೈದು ದಿನ ಅಲ್ವಾ ಅಂತ. ನಿನ್ನೆ ಗಂಡನಿಗೆ, ‘ನಿಮ್ಮಮ್ಮನ ಎದುರಿಗೆ ಕೈ ಕಟ್ಕೊಂಡು ನಿಲ್ಲೋದು ಬಿಡಿ’ ಅಂದ್ಲು. ಇವತ್ತು ಬೆಳಿಗ್ಗೆ ನನಗೇ ಹೇಳ್ತಾಳೆ, ‘ಅತ್ತೆ, ಎಲ್ಲರದೂ ಆದ ಮೇಲೆ ತಣ್ಣಗಾದ ಅನ್ನ ನಾನು ಇನ್ನು ಉಣ್ಣಲ್ಲ, ನಿಮ್ಮ ಜೊತೆಗೇ ಬಡಿಸಿಕೊಂಡು ಕೂರ್ತೀನಿ’ ಅಂತ. ದಿನಾ ಇದೇ.”

ನಾನು ಬೆರಳು ಮಡಿಸಿ ಎಣಿಸಿದೆ. ಈ ಊರಲ್ಲಿ ಹದಿನಾರನೆಯ ದಿನ ದಾಟಿದ ಚಾಳಿಯನ್ನು ನಾನಂತೂ ಕಂಡಿಲ್ಲ.

“ಊಟ ಮಾಡುವಾಗ ಎಡಗಾಲು ಕುಣಿಸ್ತಿದ್ಲಲ್ಲ, ಅದು?”

“ಅದು ಹೋದ ವಾರವೇ ನಿಂತುಹೋಯ್ತು.”

“ಅದು ಬಸ್ಸಲ್ಲಿ ಬಂದ ಚೀಲದ ಚಾಳಿ, ನನ್ನದಕ್ಕಿಂತ ಒಂದು ದಿನ ತಡವಾಗಿ ಹಾಕಿದ್ದಮ್ಮ. ಅದೇ ನಿಂತಿದೆ ಅಂದ್ರೆ ನನ್ನದು ಅದಕ್ಕೂ ಮುಂಚೆನೇ ಇಳಿದಿದೆ. ಈಗ ಮಾತಾಡ್ತಿರೋಳು ನಾನಲ್ಲ, ನಿಮ್ಮ ಸೊಸೆ.”

ನೀಲಮ್ಮನವರು ನನ್ನನ್ನೇ ನೋಡಿದರು. ಜಗಳಕ್ಕೆ ಬರುತ್ತಾರೆ ಅಂದುಕೊಂಡೆ, ಬರಲಿಲ್ಲ. ಮಡಿಲಿನ ಚೀಲದ ದಾರವನ್ನು ಎಳೆದರು, ಬಿಟ್ಟರು, ಮತ್ತೆ ಎಳೆದರು. ಆಮೇಲೆ ನನಗೂ ಕಷ್ಟದಲ್ಲಿ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಕೇಳಿದರು:

“ಹಂಗಾದ್ರೆ ಮದುವೆಯಾಗಿ ಬಂದ ಆರು ವರ್ಷವೂ ಇದನ್ನೆಲ್ಲ ನುಂಗಿಕೊಂಡಿದ್ಲಾ?”

“ಮನೆಗೆ ಹೋಗಿ ಅವಳನ್ನೇ ಕೇಳಿ,” ಅಂದೆ. “ಈಗ ಹೇಳ್ತಾಳೆ.”